ಹಮೀದರಿಗೆ ನಾನು ಧೈರ್ಯ ತುಂಬಿದ್ದು

ಇನ್ನೊಬ್ಬರಿಗೆ ಧೈರ್ಯ ತುಂಬುವ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಹೋಟೆಲು ನಡೆಸಿದವನು ನಾನು. ಪರೀಕ್ಷೆಗೆ ಹೊರಟ ಮಕ್ಕಳು, ಹೆಣ್ಣು ನೋಡಲು ಹೊರಟ ಹುಡುಗರು, ಕೋರ್ಟಿಗೆ ಹೊರಟ ಹಿರಿಯರು, ಎಲ್ಲರಿಗೂ ಒಂದು ಪ್ಲೇಟು ಬನ್ಸಿನ ಜೊತೆಗೆ ಎರಡು ಧೈರ್ಯದ ಮಾತನ್ನೂ ಬಡಿಸಿ ಕಳಿಸಿದ್ದೇನೆ. ಅವರಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಹೆಣ್ಣು ಸಿಕ್ಕಿತು ಎಂದು ವಿಚಾರಿಸಲು ಹೋಗಲಿಲ್ಲ. ಅದು ನನ್ನ ಇಲಾಖೆಯಲ್ಲ.

ಆದ್ದರಿಂದ ಶಾಲಿನಿ ಟೀಚರು ಫೋನು ಮಾಡಿ, ಬಂಟ್ವಾಳದಲ್ಲಿ ಹಮೀದ್ ಎಂಬವರೊಬ್ಬರು ಆಪರೇಷನ್ನಿಗೆ ಹೆದರಿ ಕೂತಿದ್ದಾರೆ, ಈ ಭಾನುವಾರ ಹೋಗಿ ಸ್ವಲ್ಪ ಧೈರ್ಯ ಹೇಳಿ ಬರಲು ಆಗುತ್ತದೆಯೇ ಎಂದು ಕೇಳಿದಾಗ, ಅವರ ಮಾತು ಮುಗಿಯುವ ಮೊದಲೇ ನಾನು ಒಪ್ಪಿಕೊಂಡಿದ್ದೆ.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಯಾವ ಆಪರೇಷನ್, ಯಾವ ಟೀಚರು ಎಂಬುದನ್ನು ಮೊದಲು ಹೇಳಬೇಕು.

ಒಂದು ಕಾಲದಲ್ಲಿ ನನ್ನ ತೂಕ ಎಷ್ಟೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಊರಿನ ಡಾಕ್ಟರರ ತೂಕದ ಯಂತ್ರ ನೂರ ಮೂವತ್ತರವರೆಗೆ ಹೋಗಿ ಅಲ್ಲಿ ಕೈಚೆಲ್ಲುತ್ತಿತ್ತು. ಕೊನೆಗೆ ಒಂದು ದಿನ ಅಡಿಕೆ ಅಂಗಡಿಯ ತಕ್ಕಡಿಯ ಮೇಲೆ ಹೋಗಿ ನಿಂತೆ. ನೂರ ನಲವತ್ತಾರು ಕಿಲೊ. ಅಂಗಡಿಯವರು ಅಭ್ಯಾಸಬಲದಿಂದ, ಅದರಲ್ಲಿ ಗೋಣಿಯ ತೂಕ ಅರ್ಧ ಕಿಲೊ ಕಳೆಯಿರಿ ಎಂದರು. ಮದುವೆಗಳಿಗೆ ಹೋದರೆ ನನಗೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಕೊಡುತ್ತಿದ್ದರು. ಅದು ಗೌರವ ಎಂದು ನಾನು ತಿಳಿದುಕೊಂಡಿದ್ದೆ. ಆದರೆ ಸಕ್ಕರೆ ಕಾಯಿಲೆ ಏರುತ್ತ ಬಂತು, ಮೊಣಕಾಲು ಮಾತು ಕೇಳದಾಯಿತು, ನನ್ನ ಚಪ್ಪಲಿಯ ಪಟ್ಟಿ ಹಾಕಲು ನನ್ನ ಹೆಂಡತಿ ಸುಮತಿ ಬಗ್ಗಬೇಕಾಯಿತು. ಆಗ ಮಂಗಳೂರಿನ ದೊಡ್ಡ ಡಾಕ್ಟರರೊಬ್ಬರು ಹೊಟ್ಟೆಯ ಆಪರೇಷನ್ ಒಂದೇ ದಾರಿ ಎಂದರು. ಹೊಟ್ಟೆಯ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಒಂದು ಚೀಲ ಮಾಡಿ, ಅದನ್ನು ನೇರವಾಗಿ ಕರುಳಿಗೆ ಜೋಡಿಸುವ ಕೆಲಸ. ಇನ್ನು ಮುಂದೆ ಆ ಮೊಟ್ಟೆಯಲ್ಲಿ ಹಿಡಿಸಿದಷ್ಟೇ ಊಟ.

ಆಪರೇಷನ್ ಸುಲಭದಲ್ಲಿ ಮುಗಿಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಗಂಜಿತಿಳಿ ಕುಡಿಯಬೇಕು, ಅದನ್ನೂ ಒಂದೊಂದೇ ಗುಟುಕು. ಮನೆಯಲ್ಲಿ ಕೂತು ಬೇಸರವಾಗುತ್ತದೆಂದು ಹೋಟೆಲಿಗೆ ಹೋಗಿ ಕೂತೆ. ಸಂಜೆ ನಾಲ್ಕು ಗಂಟೆಗೆ ಗೋಳಿಬಜೆಯ ಹಿಟ್ಟು ಎಣ್ಣೆಗೆ ಬಿದ್ದ ಶಬ್ದ ಕೇಳಿದ್ದೇ ತಡ, ಐವತ್ತೆರಡು ವರ್ಷದ ನಾನು ಗಿರಾಕಿಗಳ ಎದುರು ಅಳಲು ತೊಡಗಿದೆ. ಯಾರೋ ಸತ್ತಿದ್ದಾರೆಂದು ತಿಳಿದು ಇಬ್ಬರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ನಿಂತರು.

ಆಸ್ಪತ್ರೆಯಿಂದ ಬರುವಾಗ ಅಲ್ಲಿನ ನರ್ಸಮ್ಮ ಒಂದು ಫೋನ್ ನಂಬರು ಬರೆದುಕೊಟ್ಟಿದ್ದರು. ಇವರು ಮೂಡುಬಿದಿರೆಯ ಶಾಲೆಯ ಟೀಚರು, ಇದೇ ಆಪರೇಷನ್ ಆಗಿ ಒಂದು ವರ್ಷವಾಯಿತು, ಏನಿದ್ದರೂ ಕೇಳಿ ಎಂದಿದ್ದರು. ಆ ಸಂಜೆ ಹೋಟೆಲಿನ ಹಿಂದೆ, ಕಟ್ಟಿಗೆಯ ರಾಶಿಯ ಹತ್ತಿರ ನಿಂತು ಆ ನಂಬರಿಗೆ ಫೋನು ಮಾಡಿದೆ. ನಾನು ಯಾರು, ಎಲ್ಲಿಯವನು ಎಂದು ಹೇಳುವ ಮೊದಲೇ ಮತ್ತೆ ಅಳು ಬಂತು. ಆ ಕಡೆಯಿಂದ ಒಂದು ಶಾಂತವಾದ ದನಿ ಹೇಳಿತು:

"ಅಳುವುದಾದರೆ ಅಳಿ, ತೊಂದರೆ ಇಲ್ಲ. ಆದರೆ ಗುಟುಕು ಗುಟುಕಾಗಿ ಅಳಿ. ಒಮ್ಮೆಲೇ ಅತ್ತರೆ ಹೊಲಿಗೆಗೆ ಒಳ್ಳೆಯದಲ್ಲ."

ಅವರೇ ಶಾಲಿನಿ ಟೀಚರು. ಆಮೇಲೆ ಒಂದೂವರೆ ತಿಂಗಳು, ಪ್ರತಿ ಸಂಜೆ ನಾಲ್ಕಕ್ಕೆ ಸರಿಯಾಗಿ, ಗೋಳಿಬಜೆ ಎಣ್ಣೆಗೆ ಬೀಳುವ ಹೊತ್ತಿಗೆ ಅವರ ಫೋನು ಬರುತ್ತಿತ್ತು. ಇವತ್ತು ಎಷ್ಟು ಮುಚ್ಚಳ ಎಂದು ಕೇಳುತ್ತಿದ್ದರು. ನಾನು ಮಗ್ಗಿ ಒಪ್ಪಿಸುವವನ ಹಾಗೆ ಲೆಕ್ಕ ಒಪ್ಪಿಸುತ್ತಿದ್ದೆ. ಯಾವ ಔಷಧಿಯೂ ನನಗೆ ಅಷ್ಟು ಉಪಕಾರ ಮಾಡಿಲ್ಲ.

ಆಮೇಲೆ ತಿಂಗಳಿಗೊಂದು ಭಾನುವಾರ ಮೂಡುಬಿದಿರೆಯಲ್ಲಿ ಟೀಚರ ಮನೆಯ ಚಾವಡಿಯಲ್ಲಿ ಸೇರತೊಡಗಿದೆವು. ನಾವಿದ್ದದ್ದು ಮೂವರು. ಟೀಚರು, ನಾನು, ಮತ್ತು ಉಜಿರೆಯ ಹಾಸ್ಟೆಲೊಂದರಲ್ಲಿ ಮುನ್ನೂರು ಮಂದಿಗೆ ಅಡುಗೆ ಮಾಡುತ್ತಿದ್ದ ಭಟ್ಟರು. ಮುನ್ನೂರು ಮಂದಿಯ ಸಾರಿನ ರುಚಿಯನ್ನು ಅರ್ಧ ಚಮಚದಲ್ಲಿ ತೀರ್ಮಾನಿಸಬೇಕಾದ ಕಷ್ಟ ಅವರದು. ಟೀಚರ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇರಲಿಲ್ಲ. ಗೋಡೆಗೆ ತಾಗಿಸಿ ಹಲಸಿನ ಮರದ ಒಂದು ದಪ್ಪ ಬೆಂಚು ಹಾಕಿದ್ದರು. ನಮ್ಮಂಥವರಿಗೆ ಬೇರೆಯವರ ಮನೆಗೆ ಹೋದಾಗ ಮೊದಲು ಕಾಣುವುದು ಮನುಷ್ಯರಲ್ಲ, ಕುರ್ಚಿ. ಆ ಬೆಂಚನ್ನು ನೋಡಿದಾಗ ಮನಸ್ಸಿಗೆ ಆದ ಸಮಾಧಾನ ಈಗಲೂ ನೆನಪಿದೆ.

ಅಲ್ಲಿ ಕೂತು ನಾವು ಏನೇನೆಲ್ಲ ಮಾತಾಡುತ್ತಿದ್ದೆವು! ಯಾರ ಕೂದಲು ಎಷ್ಟು ಉದುರಿತು, ಯಾರ ಬೆಲ್ಟಿಗೆ ಹೊಸ ತೂತು ಬಿತ್ತು, ಫ್ಯಾನಿನ ಗಾಳಿಗೆ ಯಾರಿಗೆ ಚಳಿ ಹಿಡಿಯಿತು. ದಾರಿಯಲ್ಲಿ ಸಿಕ್ಕವರೆಲ್ಲ ದನಿ ತಗ್ಗಿಸಿ ಎಂಥ ಕಾಯಿಲೆ ಎಂದು ಕೇಳುವುದು, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ಬಡಿಸುವವರಿಗೆ ಬೇಡ ಎಂದು ಕೈ ಅಡ್ಡ ಹಿಡಿದಾಗ ಅವರು ಮುಖ ಸಣ್ಣ ಮಾಡುವುದು. ಇವನ್ನು ಹೆಂಡತಿಯ ಹತ್ತಿರ ಹೇಳಿದರೆ ಅವಳಿಗೆ ನೋವಾಗುತ್ತಿತ್ತು, ಸ್ನೇಹಿತರ ಹತ್ತಿರ ಹೇಳಿದರೆ ನಗುತ್ತಿದ್ದರು. ಆ ಬೆಂಚಿನ ಮೇಲೆ ಮಾತ್ರ, ಹೇಳಿದ್ದು ಹೇಳಿದಷ್ಟೇ ಅರ್ಥವಾಗುತ್ತಿತ್ತು. ಮೂರು ಸಣ್ಣ ಲೋಟದಲ್ಲಿ ನೀರುಮಜ್ಜಿಗೆ ಇಟ್ಟುಕೊಂಡು ಎರಡೆರಡು ಗಂಟೆ ಕೂತಿರುತ್ತಿದ್ದೆವು. ಎದ್ದಾಗಲೂ ಲೋಟದಲ್ಲಿ ಮಜ್ಜಿಗೆ ಉಳಿದಿರುತ್ತಿತ್ತು.

ಹಮೀದರ ವಿಷಯಕ್ಕೆ ಟೀಚರ ಕರೆ ಬಂದದ್ದು ನನ್ನ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾದಾಗ. ಆಗ ನಾನು ಎಂಬತ್ತೆಂಟು ಕಿಲೊ. ಗರ್ವದ ತೂಕ ಬೇರೆ. ಟೀಚರಿಗೆ ಆ ಭಾನುವಾರ ಶಾಲೆಯ ಏನೋ ಕೆಲಸ, ಭಟ್ಟರಿಗೆ ಹಾಸ್ಟೆಲಿನಲ್ಲಿ ವಿಶೇಷ ಊಟ. ಹಮೀದರ ಹೆಂಡತಿ ರುಕಿಯಾ ಟೀಚರಿಗೆ ಫೋನು ಮಾಡಿ ಹೇಳಿದ್ದಿಷ್ಟು: ಗಲ್ಫಿನಲ್ಲಿ ಹದಿನೈದು ವರ್ಷ ಇದ್ದು ಬಂದ ಗಂಡನಿಗೆ ನಲವತ್ತಮೂರು ವರ್ಷ, ತೂಕ ನೂರ ಐವತ್ತರ ಮೇಲೆ. ಸಕ್ಕರೆ ಕಾಯಿಲೆ ಉಂಟು, ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಾರೆ. ಮುಂದಿನ ಗುರುವಾರಕ್ಕೆ ಆಪರೇಷನ್ ನಿಗದಿಯಾಗಿದೆ. ಆದರೆ ತಾಯಿ ಐಸಮ್ಮ ಬಿಲ್‌ಕುಲ್ ಒಪ್ಪುತ್ತಿಲ್ಲ, ತಾಯಿ ಒಪ್ಪದೆ ಮಗ ಹೊರಡುವುದಿಲ್ಲ.

ಟೀಚರು ನನಗೆ ಸ್ಪಷ್ಟವಾಗಿ ಹೇಳಿದ್ದರು. "ಶೆಟ್ರೇ, ಭಾಷಣ ಮಾಡ್ಬೇಡಿ. ಹೋಗಿ ಕೂತುಕೊಳ್ಳಿ, ಅವರು ಮಾತಾಡಲಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಮತ್ತೆ, ಅದು ಊಟದ ಹೊತ್ತು, ನಿಮ್ಮ ಅಳತೆ ನಿಮಗೆ ನೆನಪಿರಲಿ."

ನನಗೆ ನೆನಪಿಲ್ಲದೆ ಏನು! ನಾನು ಸಿದ್ಧತೆಗೆ ತೊಡಗಿದೆ. ನನ್ನ ಹಳೆಯ ಪ್ಯಾಂಟೊಂದನ್ನು ಸುಮತಿ ಅಟ್ಟದ ಮೇಲೆ ಹಾಕಿದ್ದಳು, ಅದನ್ನು ಇಳಿಸಿ ಇಸ್ತ್ರಿ ಮಾಡಿಸಿದೆ. ಹಳೆಯ ಫೋಟೊ ಒಂದನ್ನು ದೊಡ್ಡದು ಮಾಡಿಸಿದೆ. ಸುಮತಿ ಅದನ್ನೆಲ್ಲ ನೋಡಿ, ಹೆದರಿದವರ ಮನೆಗೆ ಈ ಪ್ಯಾಂಟು ಯಾಕೆ, ಸುಮ್ಮನೆ ಹೋಗಿ ಬರಬಾರದೇ ಎಂದಳು. ಸಾಕ್ಷಿ ಇಲ್ಲದೆ ಯಾರೂ ನಂಬುವುದಿಲ್ಲ ಎಂದು ವಿವರಿಸಿದೆ. ಅವಳು ಮುಂದೆ ಮಾತಾಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಮಾತು ನಿಲ್ಲಿಸಿದಾಗಲೆಲ್ಲ ನನಗೆ ಏನಾಗಿದೆ ಎಂಬುದನ್ನು ನಾನು ಆಗಲಾದರೂ ಯೋಚಿಸಬೇಕಿತ್ತು.

ಹಮೀದರ ಮನೆ ಬಂಟ್ವಾಳ ಪೇಟೆಯಿಂದ ನದಿಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ನಾನು ಮುಟ್ಟುವಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಹಮೀದ್ ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಅಷ್ಟು ದೊಡ್ಡ ದೇಹದೊಳಗೆ ಅಷ್ಟು ಮೆತ್ತಗಿನ ದನಿ. ಎರಡು ಹೆಜ್ಜೆಗೆ ಉಸಿರು ಮೇಲಕ್ಕೆ ಬರುತ್ತಿತ್ತು. ಕೂತುಕೊಳ್ಳುವ ಮೊದಲು ಅವರು ಒಂದು ಕ್ಷಣ ಕುರ್ಚಿಯನ್ನು ಕಣ್ಣಲ್ಲೇ ಅಳೆದರು. ಅದನ್ನು ನೋಡಿ ನನ್ನ ಎದೆ ಒಮ್ಮೆ ಚುರ್ರೆಂದಿತು. ಆಗಲೇ ಅಷ್ಟಕ್ಕೇ ಸುಮ್ಮನಾಗಿ, ನಾನೂ ಹೀಗೇ ಇದ್ದೆ ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಚೀಲದಲ್ಲಿ ಇಸ್ತ್ರಿ ಮಾಡಿದ ಪ್ಯಾಂಟು ಇತ್ತಲ್ಲ.

ಐಸಮ್ಮ ಒಳಬಾಗಿಲಿನ ಹತ್ತಿರ ಮಂಚದ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ, ತಲೆಗೆ ಬಿಳಿಯ ವಸ್ತ್ರ ಹೊದ್ದ ಸಣ್ಣ ಜೀವ. ಕಣ್ಣು ಮಾತ್ರ ಚುರುಕು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾದರೆ ಕ್ಷಮಿಸಬೇಕು.

ನಾನು ಪ್ಯಾಂಟನ್ನು ತೆಗೆದು ಎರಡೂ ಕೈ ಅಗಲಿಸಿ ಎತ್ತಿ ಹಿಡಿದೆ. ಅದರ ಹಿಂದೆ ನಾನು ಪೂರ್ತಿ ಮರೆಯಾದೆ. ಆಚೆಯಿಂದ ಐಸಮ್ಮನ ದನಿ ಕೇಳಿತು.

"ಪಾಪ. ಇದರಲ್ಲಿ ಇದ್ದವರು ಯಾವಾಗ ತೀರಿಹೋದರು?"

ಅದು ನಾನೇ ಎಂದು ತಿಳಿಸಲು ಪ್ಯಾಂಟಿನ ಬದಿಯಿಂದ ತಲೆ ಹೊರಗೆ ಹಾಕಬೇಕಾಯಿತು. ಅವರಿಗೆ ನಂಬಿಕೆ ಬರಲಿಲ್ಲ. ಅವಸರದಿಂದ ಫೋಟೊ ತೆಗೆದು ಕೊಟ್ಟೆ. ಅವರು ಕನ್ನಡಕ ತರಿಸಿ ಫೋಟೊವನ್ನೂ ನನ್ನನ್ನೂ ಎರಡು ಮೂರು ಸಲ ಹೋಲಿಸಿ ನೋಡಿದರು. ಮುಖದಲ್ಲಿ ನಿಜವಾದ ಕರುಣೆ ಕಾಣಿಸಿತು. ಆಗ ಎಷ್ಟು ಚಂದ ಇದ್ರಿ ಶೆಟ್ರೇ, ಕೆನ್ನೆ ತುಂಬ ರಕ್ತ ಇತ್ತು, ಈಗ ಕುತ್ತಿಗೆಯ ಎಲುಬು ಲೆಕ್ಕ ಮಾಡಬಹುದು ಎಂದರು. ಮಗನ ಕಡೆ ತಿರುಗಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ, ಆದರೆ ತಾಯಿಯೊಬ್ಬಳು "ನೋಡಿದಿಯಾ?" ಎನ್ನುವುದು ಎಲ್ಲ ಭಾಷೆಯಲ್ಲಿಯೂ ಒಂದೇ ಥರ ಕೇಳಿಸುತ್ತದೆ.

ಎರಡು ಸಾಕ್ಷಿಗಳೂ ಎದುರು ಪಕ್ಷಕ್ಕೆ ಹೋಗಿದ್ದವು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. ವೈಜ್ಞಾನಿಕವಾಗಿ ವಿವರಿಸೋಣ ಎಂದುಕೊಂಡೆ. ಹೊಟ್ಟೆಯನ್ನು ಮೇಲಿನಿಂದ ಇಷ್ಟು ಬಿಟ್ಟು ಪಿನ್ನು ಹೊಡೆಯುತ್ತಾರೆ ಎಂದೆ. ಐಸಮ್ಮ, ಅಂಗಡಿಯಲ್ಲಿ ಪೊಟ್ಟಣಕ್ಕೆ ಹೊಡೆಯುವಂಥದ್ದೇ ಎಂದು ಕೇಳಿದರು. ಸಾಧಾರಣ ಅದೇ ಥರ ಎಂದೆ. ಉಳಿದ ಹೊಟ್ಟೆ ಏನಾಗುತ್ತದೆ ಎಂದು ಕೇಳಿದರು. ಅದು ಒಳಗೇ ಇರುತ್ತದೆ, ಆದರೆ ಊಟ ಅದರ ಕಡೆ ಹೋಗುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಅದು ಒಳಗೆ ಹಸಿದುಕೊಂಡೇ ಕೂತಿರುತ್ತದಾ ಎಂದರು. ಈ ಪ್ರಶ್ನೆಯನ್ನು ಮಂಗಳೂರಿನ ಡಾಕ್ಟರರಿಗೂ ಯಾರೂ ಕೇಳಿರಲಿಕ್ಕಿಲ್ಲ. ಹಮೀದರ ಮುಖ ಬಿಳಿಚಿಕೊಂಡಿತ್ತು. ಅವರು ಮೆಲ್ಲಗೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಅದನ್ನು ಸಮಾಧಾನ ಮಾಡುವವರ ಹಾಗೆ ಸವರಿಕೊಂಡರು.

ಆಗ ಐಸಮ್ಮ ತಮ್ಮ ಕೊನೆಯ ಮಾತು ಹೇಳಿದರು.

"ಶೆಟ್ರೇ, ನನಗೆ ಈ ಪಿನ್ನು, ಕರುಳು ಎಲ್ಲ ಗೊತ್ತಾಗುವುದಿಲ್ಲ. ಊಟಕ್ಕೆ ಏಳಿ. ನೀವು ನನ್ನ ಎದುರು ಕೂತು, ಮನುಷ್ಯರು ಉಣ್ಣುವ ಹಾಗೆ ಉಂಡು ತೋರಿಸಿ. ನಾನು ನನ್ನ ಮಗನನ್ನು ಕಳಿಸ್ತೇನೆ."

ನನ್ನ ಉತ್ಸಾಹ ಮತ್ತೆ ಗರಿಗೆದರಿತು. ಇಷ್ಟೇನಾ! ನಾನು ಎಲ್ಲವನ್ನೂ ತಿನ್ನುತ್ತೇನೆ, ಪ್ರಮಾಣ ಮಾತ್ರ ಕಡಿಮೆ. ಇದನ್ನು ತೋರಿಸುವುದು ಸುಲಭ.

ಮೇಜಿನ ಮೇಲೆ ಅಕ್ಕಿಯ ಪತ್ತಿರ್ ಇತ್ತು, ನಮ್ಮ ಅಕ್ಕಿರೊಟ್ಟಿಯ ಹಾಗೆ, ಆದರೆ ಹೂವಿನಷ್ಟು ಮೆತ್ತಗೆ. ಜೊತೆಗೆ ತೆಂಗಿನಹಾಲು ಹಾಕಿದ ಕೋಳಿಸಾರು, ದೊಡ್ಡ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ. ಆಪರೇಷನ್ನಿಗೆ ಮೊದಲು ದ್ರವಾಹಾರ ಮಾತ್ರ ಎಂದು ಡಾಕ್ಟರು ಹೇಳಿದ್ದರಿಂದ ಹಮೀದ್ ಒಂದು ಲೋಟ ಸೂಪು ಹಿಡಿದುಕೊಂಡು ಬದಿಯಲ್ಲಿ ಕೂತರು. ನಾನು ನಿಯಮದ ಪ್ರಕಾರವೇ ಶುರು ಮಾಡಿದೆ. ಮೊದಲು ಕೋಳಿಯ ಎರಡು ಸಣ್ಣ ತುಂಡು, ಆಮೇಲೆ ಅರ್ಧ ಪತ್ತಿರ್, ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿದು ನುಂಗಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಹೊಟ್ಟೆ ತುಂಬಿತು. ತೃಪ್ತಿಯಿಂದ ತಲೆಯೆತ್ತಿ ನೋಡಿದೆ.

ಐಸಮ್ಮ ಕಾಯುತ್ತಿದ್ದರು. ಉಳಿದದ್ದನ್ನು ಯಾವಾಗ ತಿನ್ನುತ್ತೀರಿ ಎಂದು ಕೇಳಿದರು. ಸಾಕಾಯಿತು ಎಂದೆ. ಅವರು ಸೊಸೆಯನ್ನು ಕರೆದು ನನ್ನ ಬಟ್ಟಲನ್ನು ತೋರಿಸಿ, ಗುಬ್ಬಿ ಬಂದು ಹೋದ ಹಾಗೆ ಉಂಟು ಎಂದರು. ಆಮೇಲೆ ನನಗೇ, ಬಹಳ ಮರ್ಯಾದೆಯಿಂದ, ಪಾಪ ನಿಮ್ಮಿಂದ ಆಗುವುದಿಲ್ಲ ಅಲ್ವಾ ಎಂದರು.

ಆಗುವುದಿಲ್ಲವೇ! ಮೂವತ್ತು ವರ್ಷ ಊರಿಗೆ ತಿನ್ನಿಸಿದವನಿಗೆ, ಒಂದು ಕಾಲದಲ್ಲಿ ಒಂದೇ ಕೂತಲ್ಲಿ ಇಪ್ಪತ್ತೆರಡು ನೀರುದೋಸೆ ಮುಗಿಸಿ ತಾಯಿಯಿಂದ ಶಹಬ್ಬಾಸ್ ಪಡೆದವನಿಗೆ ಈ ಮಾತು! ಆ ಕ್ಷಣದಲ್ಲಿ ನನ್ನೊಳಗಿನ ಎಂಬತ್ತೆಂಟು ಕಿಲೊದವನು ಎಲ್ಲಿಗೆ ಹೋದನೋ ಗೊತ್ತಿಲ್ಲ, ನೂರ ನಲವತ್ತಾರರವನು ಎದ್ದು ಕೂತ. ಉಳಿದರ್ಧ ಪತ್ತಿರ್ ತಿಂದೆ. ಇನ್ನೊಂದನ್ನು ಕೇಳಿ ಹಾಕಿಸಿಕೊಂಡೆ. ಅಗಿಯುವ ಲೆಕ್ಕ ಇಪ್ಪತ್ತರಿಂದ ಎರಡಕ್ಕೆ ಇಳಿಯಿತು. ಐಸಮ್ಮನ ಮುಖ ಅರಳತೊಡಗಿತ್ತು, ಅದನ್ನು ನೋಡಿದ ಹಮೀದರ ಮುಖವೂ ಅರಳಿತು. ಗೆದ್ದೆ ಎಂದುಕೊಂಡೆ. ಗೆಲುವನ್ನು ಖಚಿತಪಡಿಸಲು ಒಂದು ಲೋಟ ಪಾಯಸವನ್ನು ಒಂದೇ ಉಸಿರಿನಲ್ಲಿ ಕುಡಿದು ಲೋಟ ಕೆಳಗಿಟ್ಟೆ.

ನಮ್ಮಂಥ ಹೊಟ್ಟೆಯವರು ಹಾಗೆ ಸಿಹಿ ಕುಡಿಯಬಾರದು. ಅದು ತಡೆಯಿಲ್ಲದೆ ನೇರ ಕರುಳಿಗೆ ಹೋಗಿ ಬೀಳುತ್ತದೆ, ಕರುಳು ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. ನನಗದು ಗೊತ್ತಿತ್ತು. ಆಸ್ಪತ್ರೆಯಲ್ಲಿ ಹೇಳಿದ್ದರು, ಟೀಚರು ಹೇಳಿದ್ದರು, ಸುಮತಿ ಅಡುಗೆಮನೆಯ ಗೋಡೆಯಲ್ಲಿ ಬರೆದು ಅಂಟಿಸಿದ್ದಳು.

ಹತ್ತು ನಿಮಿಷ ಏನೂ ಆಗಲಿಲ್ಲ. ನಾನು ಹಮೀದರಿಗೆ, ಆಪರೇಷನ್ ಆದ ಮೇಲೆ ಜೀವನದಲ್ಲಿ ಯಾವ ತೊಂದರೆಯೂ ಇಲ್ಲ ಎಂಬ ವಿಷಯವನ್ನು ವಿವರಿಸತೊಡಗಿದ್ದೆ. "ಯಾವ ತೊಂದರೆಯೂ" ಎಂಬಲ್ಲಿ ಎದೆಯ ಕೆಳಗೆ ಯಾರೋ ಕಲ್ಲು ಇಟ್ಟ ಹಾಗಾಯಿತು. ಬೆವರು ಹಣೆಯಿಂದ ಧಾರೆಯಾಗಿ ಇಳಿಯಿತು. ಹೃದಯ ಬಸ್ಸಿನ ಇಂಜಿನ್ನಿನಂತೆ ಓಡತೊಡಗಿತು. ನಾನು ಮುಗುಳ್ನಗುತ್ತಲೇ ಮಾತು ಮುಂದುವರಿಸಿದೆ. ಬಾಯಿಯಲ್ಲಿ ನೀರು ತುಂಬಿತು. ಎದುರಿಗಿದ್ದ ಹಮೀದರು ಇಬ್ಬರಾಗಿ ಕಾಣಿಸಿದರು, ಅಂದರೆ ಮುನ್ನೂರು ಕಿಲೊ. ಬಚ್ಚಲು ಎಲ್ಲಿ ಎಂದು ಕೇಳಿದೆ.

ಅಲ್ಲಿ ನಡೆದುದನ್ನು ಮನೆಯವರೆಲ್ಲ ಕೇಳಿಸಿಕೊಂಡರು. ಪಕ್ಕದ ಮನೆಯವರೂ ಕೇಳಿಸಿಕೊಂಡರೆಂದು ಆಮೇಲೆ ತಿಳಿಯಿತು. ಹೊರಗೆ ಬಂದಾಗ ಕಾಲು ನಿಲ್ಲಲಿಲ್ಲ. ಯಾರು ಯಾರಿಗೆ ಧೈರ್ಯ ಹೇಳಲು ಬಂದದ್ದೋ ಏನೋ, ನಡೆಯಲು ಕಷ್ಟಪಡುವ ಹಮೀದರೇ ನನ್ನನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ ತಮ್ಮ ಮಂಚದಲ್ಲಿ ಮಲಗಿಸಿದರು. ಐಸಮ್ಮ ಪೇಪರು ತಂದು ಗಾಳಿ ಹಾಕಿದರು. ರುಕಿಯಾ ಟೀಚರಿಗೆ ಫೋನು ಮಾಡಿ, ದನಿ ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟರು. ಟೀಚರು ಮೊದಲು ಕೇಳಿದ್ದು, ಏನು ತಿಂದರು ಎಂದು. ರುಕಿಯಾ ಒಂದೊಂದಾಗಿ ಹೇಳಿದರು.

"ಪಾಯಸ ಲೋಟ ತುಂಬಾ?"

"ಹೌದು ಟೀಚರ್."

ಟೀಚರು ಎದೆನೋವು ಉಂಟಾ, ಪ್ರಜ್ಞೆ ಉಂಟಾ ಎಂದೆಲ್ಲ ವಿಚಾರಿಸಿದ ಮೇಲೆ, ಗಂಟೆಯೊಳಗೆ ಸರಿಯಾಗುತ್ತದೆ, ಆಗದಿದ್ದರೆ ಆಸ್ಪತ್ರೆಗೆ ಕರಕೊಂಡು ಹೋಗಿ, ಈಗ ಮಲಗಿರಲಿ ಎಂದರು. "ಸರಿಯಾದ ಮೇಲೆ ನನಗೆ ಫೋನು ಮಾಡ್ಲಿಕ್ಕೆ ಹೇಳಿ" ಎಂದರು. ಆ ದನಿಯನ್ನು ಕೇಳಿ ನಾಲ್ಕನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತದ್ದು ನೆನಪಾಯಿತು. ಸರಿಯಾಗದೆ ಹೋದರೇ ಒಳ್ಳೆಯದು ಎನಿಸಿತು.

ನಾನು ಕಣ್ಣು ಮುಚ್ಚಿ ಮಲಗಿದ್ದೆ. ಮಾತಾಡಲು ಬಾಯಿ ತೆರೆಯುವ ಧೈರ್ಯ ಇರಲಿಲ್ಲ, ತೆರೆದರೆ ಮಾತೇ ಹೊರಬರುತ್ತದೆ ಎಂಬ ಭರವಸೆ ಇರಲಿಲ್ಲ. ಉಳಿದವರು ಆಚೆ ಹೋಗಿದ್ದರು. ಹಮೀದ್ ಒಬ್ಬರೇ ಹತ್ತಿರ ಕೂತಿದ್ದರು. ಬಹಳ ಹೊತ್ತಿನ ಮೇಲೆ ಅವರು ಮೆಲ್ಲನೆ ಮಾತು ಶುರು ಮಾಡಿದರು.

"ಶೆಟ್ರೇ, ನಿಜ ಹೇಳ್ತೇನೆ. ನನಗೆ ಕತ್ತರಿಯ ಹೆದರಿಕೆ ಇಲ್ಲ. ಹದಿನೈದು ವರ್ಷ ಅಲ್ಲಿ ಒಬ್ಬನೇ ಉಂಡೆ. ಇಲ್ಲಿ ಉಮ್ಮ ಹದಿನೈದು ವರ್ಷ ಪತ್ತಿರ್ ಮಾಡುವಾಗೆಲ್ಲ ನನ್ನ ಲೆಕ್ಕದ್ದು ಒಂದು ಬದಿಗೆ ಇಟ್ಟರಂತೆ. ಈಗ ಬಂದು ಕೂತಿದ್ದೇನೆ. ಇನ್ನು ಸಾಕು ಅಂತ ಅವರು ಬಡಿಸುವ ಕೈ ಹಿಡಿಯುವುದು ಹೇಗೆ? ಅದೊಂದೇ ನನಗೆ ಹೆದರಿಕೆ."

ನಾನು ಏನೂ ಹೇಳಲಿಲ್ಲ. ಹೇಳಲು ಆಗುತ್ತಿದ್ದರೆ ಖಂಡಿತ ಏನಾದರೂ ಹೇಳಿ ಕೆಡಿಸುತ್ತಿದ್ದೆ. ಅವರು ಇನ್ನೂ ಮಾತಾಡಿದರು. ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಕುರ್ಚಿ ಮುರಿದದ್ದು, ಆಮೇಲೆ ಅವಳು ಶಾಲೆಗೆ ಬರಬೇಡಿ ಎಂದು ಹೇಳದಿದ್ದರೂ ತಾವೇ ಹೋಗದೆ ಉಳಿದದ್ದು. ನನ್ನ ಮುಚ್ಚಿದ ಕಣ್ಣಿನಿಂದ ನೀರು ಬಂತು. ಅದು ಪಾಯಸದ್ದಲ್ಲ. ಕೈ ಚಾಚಿ ಅವರ ಕೈ ಹಿಡಿದುಕೊಂಡೆ.

ಬಾಗಿಲ ಹತ್ತಿರ ಐಸಮ್ಮ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ ಗೊತ್ತಿಲ್ಲ. ಅವರು ಬಂದು ಮಗನ ಪಕ್ಕ ಕೂತು, ಬಹಳ ಹೊತ್ತು ಅವನ ಬೆನ್ನು ಸವರಿದರು. ಕಣ್ಣು ಒರೆಸಿಕೊಂಡ ಮೇಲೆ ನನ್ನನ್ನು ನೋಡಿದರು. ಅಂಗಡಿಗೆ ಬಂದ ಮೀನನ್ನು ನೋಡುವ ಹಾಗೆ, ಪರೀಕ್ಷಿಸಿ ನೋಡಿದರು.

"ಇವರು ಅರ್ಧ ಪತ್ತಿರ್ ತಿನ್ನುವವರೆಗೆ ಚಂದ ಇದ್ದರು," ಎಂದರು. "ನಾನೇ ಕಣ್ಣಾರೆ ನೋಡಿದ್ದೇನೆ. ನಗಾಡಿಕೊಂಡು ಇದ್ದರು. ಹಾಳಾದದ್ದು ನಾನು ಒತ್ತಾಯ ಮಾಡಿದ ಮೇಲೆ." ಆಮೇಲೆ ಮಗನ ಕಡೆ ತಿರುಗಿ, ತುಳುವಿನಲ್ಲಿಯೇ, "ಅರ್ಧ ಸಾಕು. ಅರ್ಧ ತಿನ್ನಲಿಕ್ಕೆ ನೀನು ನನ್ನ ಎದುರು ಇರಬೇಕಲ್ಲ, ಅಷ್ಟೇ" ಎಂದರು.

ಹಮೀದ್ ಗುರುವಾರ ಆಸ್ಪತ್ರೆಗೆ ಹೋದರು. ಎಲ್ಲ ಸರಿಯಾಗಿ ಆಯಿತು. ಆಪರೇಷನ್ನಿಗೆ ಒಳಗೆ ಕರಕೊಂಡು ಹೋಗುವ ಮೊದಲು ಅಲ್ಲಿನ ನರ್ಸಮ್ಮ, ಹೆದರಿಕೆ ಇಲ್ಲವೇ ಎಂದು ಕೇಳಿದರಂತೆ. ಅದಕ್ಕೆ ಹಮೀದ್, ಮೊದಲು ಇತ್ತು, ಬೆಳ್ತಂಗಡಿಯ ಶೆಟ್ರನ್ನು ನೋಡಿದ ಮೇಲೆ ಹೋಯಿತು ಎಂದರಂತೆ. ಇದನ್ನು ಕೇಳಿ ನಾನು ಹಿಗ್ಗಿದೆ. ಹಮೀದರ ಪೂರ್ತಿ ವಾಕ್ಯವನ್ನು ಟೀಚರು ನನಗೆ ಹೇಳಿದ್ದು ಎರಡು ದಿನ ಬಿಟ್ಟು: "ಅಷ್ಟು ಕಡಿಮೆ ಬುದ್ಧಿ ಇಟ್ಟುಕೊಂಡು ಅವರು ಹದಿನಾಲ್ಕು ತಿಂಗಳು ಬದುಕಿದ್ದಾರೆ ಅಂದರೆ, ಆಪರೇಷನ್ ಗಟ್ಟಿಯೇ ಇರಬೇಕು."

ಆಮೇಲೆ ಚಾವಡಿಯ ಬೆಂಚಿನಲ್ಲಿ ನಾವು ನಾಲ್ವರಾದೆವು. ಹಮೀದ್ ಬರುವಾಗ ಕೆಲವು ಸಲ ಐಸಮ್ಮನೂ ಬರುತ್ತಿದ್ದರು. ಮಗ ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯುತ್ತಾನೋ ಇಲ್ಲವೋ ಎಂದು ಅವರು ಮನೆಯಲ್ಲಿ ಬೆರಳು ಮಡಚಿ ಲೆಕ್ಕ ಹಿಡಿಯುತ್ತಾರೆಂದು ಹಮೀದ್ ದೂರು ಹೇಳುತ್ತಿದ್ದರು. ದೂರು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ವರ್ಷ ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಅವರು ಎದುರಿನ ಸಾಲಿನಲ್ಲಿ ಕೂತದ್ದನ್ನು ನಮ್ಮ ಬೆಂಚಿನಲ್ಲಿ ಮೂರು ತಿಂಗಳು ವರ್ಣಿಸಿದರು. ನಾವು ಮೂರು ತಿಂಗಳೂ ಹೊಸದಾಗಿ ಕೇಳಿದೆವು.

ಐಸಮ್ಮ ಈಗಿಲ್ಲ. ಭಟ್ಟರು ಕೆಲಸ ಬಿಟ್ಟು ನಾರಾವಿಯಲ್ಲಿ ತರಕಾರಿ ಬೆಳೆಸುತ್ತಿದ್ದಾರೆ. ಟೀಚರು ನಿವೃತ್ತರಾದರು. ನಮ್ಮ ಬಳಗ ಈಗ ಫೋನಿನಲ್ಲಿ ನೂರಕ್ಕೂ ಹೆಚ್ಚು ಮಂದಿಯದ್ದು. ಬೆಳಿಗ್ಗೆ ಎದ್ದರೆ ಹೂವಿನ ಚಿತ್ರಗಳು, ಶುಭೋದಯಗಳು, ತೂಕದ ಅಂಕಿಗಳು. ಒಳ್ಳೆಯದೇ. ಯಾರೋ ದೂರದಲ್ಲಿ ಅತ್ತರೆ ಹತ್ತು ಮಂದಿ ಕೂಡಲೇ ಉತ್ತರ ಕೊಡುತ್ತಾರೆ. ಆದರೂ ನನಗೆ ಆ ಚಾವಡಿ, ಸಣ್ಣ ಲೋಟದಲ್ಲಿ ಉಳಿದ ಮಜ್ಜಿಗೆ, ಮಾತು ಮುಗಿದ ಮೇಲೂ ಯಾರೂ ಏಳದೆ ಕೂತಿರುತ್ತಿದ್ದದ್ದು ನೆನಪಾಗುತ್ತದೆ. ನಮ್ಮ ಜೀವನದಲ್ಲಿ ಅತಿ ಕಡಿಮೆ ಉಂಡ ದಿನಗಳು ಅವು. ಅಷ್ಟು ತೃಪ್ತಿ ಆಮೇಲೆ ಸಿಗಲಿಲ್ಲ.

ಕಳೆದ ತಿಂಗಳು ಬಂಟ್ವಾಳದಲ್ಲಿ ಬಳಗದವರೆಲ್ಲ ಸೇರಿದ್ದೆವು. ಹಮೀದರೇ ಮುಂದೆ ನಿಂತು ನಡೆಸಿದರು, ಬಹಳ ಚೆನ್ನಾಗಿ ಮಾತಾಡಿದರು. ನನ್ನನ್ನು ತೋರಿಸಿ, ನನಗೆ ಧೈರ್ಯ ತುಂಬಿದವರು ಇವರು ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಗಿದ ಮೇಲೆ ಉಜಿರೆಯ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಪೆನ್ನು ಹಿಡಿದುಕೊಂಡು ಬಂದಳು. ಇಂಥ ಬಳಗಗಳ ಬಗ್ಗೆ ಏನೋ ಬರೆಯುತ್ತಿದ್ದಾಳಂತೆ. ಹಮೀದ್ ಅವರಿಗೆ ಧೈರ್ಯ ತುಂಬಲು ತಾವು ಮುಖ್ಯವಾಗಿ ಏನು ಮಾಡಿದಿರಿ ಎಂದು ಬಹಳ ಗೌರವದಿಂದ ಕೇಳಿದಳು.

ನಾನು ತುಂಬ ಯೋಚಿಸಿದೆ. ಎಷ್ಟು ಯೋಚಿಸಿದರೂ ಪ್ರಾಮಾಣಿಕವಾದ ಉತ್ತರ ಒಂದೇ ಇತ್ತು.

"ವಾಂತಿ ಮಾಡಿದೆ" ಎಂದೆ.

ಅವಳ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿಯೇ ನಿಂತಿತು. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡಳು. ನಾನು ಬಗ್ಗಿ ನೋಡಿದೆ. "ತಮ್ಮ ಅನುಭವವನ್ನು ಹಂಚಿಕೊಂಡರು" ಎಂದು ಬರೆದಿದ್ದಳು.